ಆತಿಥೇಯರಿಗೆ ಕಿರೀಟ ದಕ್ಕದೇ?

ಆತಿಥೇಯ ದೇಶಕ್ಕೆ ವಿಶ್ವಸುಂದರಿ ಕಿರೀಟ ಒಲಿಯದೆಂದು ನಂಬುವವರಿದ್ದಾರೆ. ಮೇಲ್ನೋಟಕ್ಕೆ ನಮ್ಮಲ್ಲೂ ಪುರಾವೆಯುಂಟು. 1996ರ ನವೆಂಬರ್ 23ರಂದು, ಪೊಲೀಸ್ ಸರ್ಪಗಾವಲಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಸ್ಪರ್ಧೆಯಲ್ಲಿ ಭಾರತದ ರಾಣಿ ಜಯರಾಜ್ ಅಂತಿಮ ಐವರಲ್ಲೊಬ್ಬರಾದರೂ ಗೆದ್ದವರು ಗ್ರೀಸ್‌ನ ಐರಿನ್ ಸ್ಕ್ಲಿವಾ. ಕರ್ನಾಟಕವನ್ನು ಪ್ರತಿನಿಧಿಸಿ ಮಿಸ್ ಇಂಡಿಯಾ ಆಗಿದ್ದ ಸಿನಿ ಶೆಟ್ಟಿ, 2024ರಲ್ಲಿ ಮುಂಬೈಯಲ್ಲಿ ಅಂತಿಮ ಎಂಟರಾಚೆ ಹೋಗಲಿಲ್ಲ. 2025ರಲ್ಲಿ ಹೈದರಾಬಾದಿನಿಂದ ಕಿರೀಟ ಥಾಯ್ಲೆಂಡಿಗೆ ಹೋಯಿತು.

ಆದರೆ ಬೆಂಗಳೂರಿನಲ್ಲಿದ್ದವರು 88 ಸ್ಪರ್ಧಿಗಳು. 87 ಮಂದಿ ಸೋಲಲೇಬೇಕಾದಲ್ಲಿ ಶಾಪದ ಮಾತೇಕೆ? ಚೀನಾ 2007ರಲ್ಲಿ ಸಾನ್ಯಾದಲ್ಲಿಯೂ 2012ರಲ್ಲಿ ಓರ್ಡೋಸ್‌ನಲ್ಲಿಯೂ ತಾನೇ ಆತಿಥ್ಯ ವಹಿಸಿ ತಾನೇ ಗೆದ್ದಿತು! ಬೆಂಗಳೂರಿನ ಸ್ಪರ್ಧೆಯಲ್ಲಿ ನಾವು ಕಳೆದುಕೊಂಡದ್ದು ಕಿರೀಟವನ್ನಷ್ಟೇ ಅಲ್ಲ. ವಿರೋಧಕ್ಕೆ ಮಣಿದು ಈಜುಡುಗೆ ಸುತ್ತನ್ನು ಸೀಶೆಲ್ಸ್‌ಗೆ ಸಾಗಿಸಲಾಯಿತು. ಮದುರೈಯಲ್ಲಿ ಯುವಕನೊಬ್ಬ ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ.