ಸಂಗಾತಿಗೆ ಶುಗರ್: ತಟ್ಟೆಗೆ ಕಾವಲು ಕುಳಿತರೆ ಸಾಕೇ?

ಗಂಡನಿಗೋ ಹೆಂಡತಿಗೋ ಶುಗರ್ ಇದೆ. ಡಾಕ್ಟರ್ ಬೇಡ ಎಂದಿದ್ದನ್ನೇ ತಿನ್ನುತ್ತಾರೆ. ಹೇಳಿದರೆ ಜಗಳ, ಸುಮ್ಮನಿದ್ದರೆ ಭಯ. ಈ ಸಂಕಟ ಒಂದೆರಡು ಮನೆಗಳದ್ದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ.

ಬೀದರ್‌ನ ಕೊಳಾರದಂಥ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವವರ ಮನೆಯಲ್ಲಿ ಈ ಚಿಂತೆ ಇನ್ನೂ ಹೆಚ್ಚು. ಅವರ ಅರ್ಧ ಊಟ-ತಿಂಡಿ ಮನೆಯ ಹೊರಗೇ ನಡೆಯುತ್ತದೆ. ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ರಾತ್ರಿ ಹೊತ್ತು ಕುಗ್ಗಿರುತ್ತದೆ. ಹಾಗಾಗಿ ಬೆಳಿಗ್ಗೆ ತಿಂದ ತಿಂಡಿಯನ್ನೇ ನಡುರಾತ್ರಿ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ಅಲ್ಲಿ ಕಾವಲು ಕಾಯಲು ನಾವಂತೂ ಹೋಗಲಾರೆವು.

ಬೈದರೆ ಏನಾಗುತ್ತದೆ?

ಮಧುಮೇಹಿಗಳ ಮನಸ್ಸನ್ನು ದಶಕಗಳಿಂದ ಅಧ್ಯಯನ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ, ಪ್ರತಿ ತುತ್ತಿಗೂ ತಡೆ ಒಡ್ಡುವ ಮನೆಯವರನ್ನು ‘ಡಯಾಬಿಟಿಸ್ ಪೊಲೀಸರು’ ಎನ್ನುತ್ತಾರೆ. ಪೊಲೀಸರಿದ್ದಲ್ಲಿ ಕದ್ದು ತಿನ್ನುವುದೂ ಇರುತ್ತದೆ. ಕದ್ದು ತಿಂದವರು ಡಾಕ್ಟರ್ ಮುಂದೆಯೂ ನಿಜ ಹೇಳುವುದಿಲ್ಲ, ಆಗ ಔಷಧದ ಲೆಕ್ಕವೇ ತಪ್ಪುತ್ತದೆ. ಇನ್ನು ಕೆಲವರು ಬೈಗುಳಕ್ಕೆ ಬೇಸತ್ತು ಊಟವನ್ನೇ ಬಿಡುತ್ತಾರೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು, ಬೆವರು, ನಡುಕ, ಗೊಂದಲ ಶುರುವಾಗಬಹುದು. ಆಗ ಮಾತ್ರ ಸಕ್ಕರೆಯೇ ಔಷಧ: ಪ್ರಜ್ಞೆ ಇದ್ದರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನಂಬಿಕೆ ಮತ್ತು ನಿಜ

‘ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ.’ ನಿಜವಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಾಗಲಿ ಗೋಧಿ ಹಿಟ್ಟಿನಲ್ಲಾಗಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಜೋಳ ಒಳ್ಳೆಯ ಧಾನ್ಯವೇ, ಆದರೆ ನಾಲ್ಕನೇ ರೊಟ್ಟಿಯೂ ಲೆಕ್ಕಕ್ಕೆ ಬರುತ್ತದೆ.

‘ಸಕ್ಕರೆ ಬದಲು ಬೆಲ್ಲ ಹಾಕಿದರೆ ಸಾಕು.’ ಇದೂ ನಿಜವಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಹುಗ್ಗಿ, ಹೋಳಿಗೆಗಳನ್ನು ಅಪರೂಪಕ್ಕೆ, ಅಳತೆಯಲ್ಲಿ ತಿನ್ನುವುದೇ ದಾರಿ.

ಹಾಗಾದರೆ ಮಾಡುವುದೇನು?

ಒಬ್ಬರಿಗೆ ಪಥ್ಯ, ಉಳಿದವರಿಗೆ ಊಟ ಎಂಬ ಪದ್ಧತಿ ಮೊದಲು ನಿಲ್ಲಲಿ. ಮನೆಗೆಲ್ಲ ಒಂದೇ ಅಡುಗೆಯಾಗಲಿ. ಹೊಸದೇನೂ ಬೇಕಿಲ್ಲ. ಎಳ್ಳಮಾವಾಸ್ಯೆಗೆ ಬೀದರ್ ಸೀಮೆಯಲ್ಲಿ ಮಾಡುವ ಭಜ್ಜಿಯನ್ನೇ ನೋಡಿ: ಕಾಳು, ಸೊಪ್ಪು, ತರಕಾರಿ ಎಲ್ಲವೂ ಒಂದೇ ಪಾತ್ರೆಯಲ್ಲಿ. ವರ್ಷಕ್ಕೊಮ್ಮೆ ಮಾಡುವ ಅದು, ಪುಂಡಿಪಲ್ಯದಂತೆ ವಾರಕ್ಕೊಮ್ಮೆ ಬಂದರೆ ಯಾರಿಗೆ ನಷ್ಟ? ತಟ್ಟೆಯ ಅರ್ಧ ಪಲ್ಯ-ತರಕಾರಿ, ಕಾಲು ಭಾಗ ಬೇಳೆ-ಕಾಳು, ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ ಇರಲಿ.

ತಿನ್ನುವ ಕ್ರಮವೂ ಮುಖ್ಯ. 2015ರಲ್ಲಿ ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 11 ಮಧುಮೇಹಿಗಳ ಮೇಲೆ ಒಂದು ಪುಟ್ಟ ಪ್ರಯೋಗ ನಡೆಸಿದರು. ತರಕಾರಿ, ಪ್ರೋಟೀನ್ ಮೊದಲು ತಿಂದು ಬ್ರೆಡ್ ಕೊನೆಗೆ ತಿಂದಾಗ, ಒಂದು ಗಂಟೆಯ ನಂತರದ ಸಕ್ಕರೆ ಮಟ್ಟ ಸುಮಾರು ಶೇ 37ರಷ್ಟು ಕಡಿಮೆ ಇತ್ತು. ಊಟ ಅದೇ, ಕ್ರಮ ಮಾತ್ರ ಬೇರೆ. ಊಟವಾದ ಮೇಲೆ ಹತ್ತು ನಿಮಿಷ ಇಬ್ಬರೂ ಕೂಡಿ ನಡೆದರೂ ಲಾಭವಿದೆ.

ಮಾತು ಊಟದ ಹೊತ್ತಿನಲ್ಲಿ ಬೇಡ. ‘ಮತ್ತೆ ತಿಂದ್ರಾ?’ ಎನ್ನುವ ಬದಲು ‘ನನಗೆ ಹೆದರಿಕೆ ಆಗ್ತದ, ನಾ ಏನು ಮಾಡಿದ್ರ ನಿಮಗ ಅನುಕೂಲ?’ ಎಂದು ಕೇಳಿ ನೋಡಿ. ಒಂದು ದಿನದ ಜಿಲೇಬಿಗೆ ತೀರ್ಪು ಕೊಡಬೇಡಿ. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿಯನ್ನು ಇಬ್ಬರೂ ಕೂತು ನೋಡಿ. ಹೆಚ್ಚಿನವರಿಗೆ ಅದು ಶೇ 7ಕ್ಕಿಂತ ಕೆಳಗಿರುವುದು ಗುರಿ.

ಕೊನೆಯದಾಗಿ, ನಿಮ್ಮ ರಕ್ತವನ್ನೂ ಪರೀಕ್ಷಿಸಿಕೊಳ್ಳಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡದ್ದು: ಸಂಗಾತಿಗೆ ಮಧುಮೇಹವಿದ್ದರೆ ನಮಗೂ ಬರುವ ಅಪಾಯ ಸುಮಾರು ಶೇ 26ರಷ್ಟು ಹೆಚ್ಚು. ಇದು ಅಂಟುರೋಗವಲ್ಲ. ಒಂದೇ ಮನೆಯಲ್ಲಿ ಊಟ, ನಿದ್ದೆ, ಓಡಾಟದ ಅಭ್ಯಾಸಗಳೂ ಒಂದೇ ಆಗಿರುತ್ತವೆ, ಅಷ್ಟೇ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಸಿಗುತ್ತದೆ. ಸಂಗಾತಿಯನ್ನು ಕಳಿಸುವ ಬದಲು ಜೊತೆಗೇ ಹೋಗಿ ಬನ್ನಿ.