ಊರಲ್ಲಿ ಮನೆ, ಪೇಟೆಯಲ್ಲಿ ನೌಕರಿ: ಆರೋಗ್ಯದ ಲೆಕ್ಕ ಹಾಕಿದ್ದೀರಾ?

ಬೀದರ್ ಜಿಲ್ಲೆಯ ಚಿಟಗುಪ್ಪ ತಾಲ್ಲೂಕಿನ ಕೊಡಂಬಲದಂತಹ ಊರಿನಲ್ಲಿ ಮನೆ. ನೌಕರಿ ಹುಮನಾಬಾದಿನಲ್ಲೋ ಬೀದರಿನಲ್ಲೋ. ಬೆಳಿಗ್ಗೆ ಬಸ್ಸು, ಟಂಟಂ ಇಲ್ಲವೇ ಮೋಟಾರ್ ಸೈಕಲ್ ಹಿಡಿದು ಹೋಗಿ ಸಂಜೆ ಮರಳುವುದಕ್ಕೆ ನಮ್ಮ ಭಾಗದಲ್ಲಿ ‘ಅಪ್‌ಡೌನ್’ ಎಂದೇ ಹೆಸರು. ‘ಡಾಕ್ಟ್ರೇ, ಹೀಗೆಯೇ ಅಪ್‌ಡೌನ್ ಮಾಡಿಕೊಂಡು ಊರಲ್ಲಿ ಇರೋದು ಚಲೋನೋ, ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯೋದು ಚಲೋನೋ?’ ಎಂದು ಅನೇಕರು ಕೇಳುತ್ತಾರೆ. ಬಾಡಿಗೆ, ನಿವೇಶನದ ಬೆಲೆ, ಮಕ್ಕಳ ಶಾಲೆ ಇವುಗಳ ಲೆಕ್ಕವನ್ನು ಅವರು ಮೊದಲೇ ಹಾಕಿರುತ್ತಾರೆ. ಆರೋಗ್ಯದ ಲೆಕ್ಕ ಮಾತ್ರ ಕಾಯಿಲೆ ಬಂದ ಮೇಲೆ ನೆನಪಾಗುತ್ತದೆ.

ಊರಿನ ಲಾಭಗಳು

ಊರಲ್ಲಿ ಇರುವುದರಿಂದ ಆಗುವ ಲಾಭ ಸಣ್ಣದಲ್ಲ. ಸ್ವಂತ ಮನೆಯ ನೆಮ್ಮದಿ, ಜೋಳದ ರೊಟ್ಟಿ, ಬೇಳೆ, ತಾಜಾ ಸೊಪ್ಪಿನ ಊಟ, ಮಕ್ಕಳಿಗೆ ಓಡಾಡಲು ಜಾಗ, ಮುಪ್ಪಿನವರಿಗೆ ಮಾತನಾಡಲು ಕಟ್ಟೆ. ಒಂಟಿತನವೂ ವಯಸ್ಸಾದವರ ಆರೋಗ್ಯವನ್ನು ಕೆಡಿಸುತ್ತದೆ. ಪರಿಚಯದ ಓಣಿಯಲ್ಲಿದ್ದ ಹಿರಿಯರನ್ನು ಪೇಟೆಯ ಎರಡು ಕೋಣೆಗಳಲ್ಲಿ ತಂದಿರಿಸಿದರೆ ಅವರು ಬೇಗನೆ ಸೊರಗುವುದನ್ನು ನೀವೂ ಕಂಡಿರಬಹುದು.

ಅಪ್‌ಡೌನಿನ ಬೆಲೆ

ಹೋಗಿ ಬರಲು ದಿನಕ್ಕೆ ಎರಡು ಗಂಟೆ ಎಂದುಕೊಳ್ಳಿ. ತಿಂಗಳಿಗೆ 25 ದಿನವಾದರೆ 50 ಗಂಟೆ, ವರ್ಷಕ್ಕೆ 600 ಗಂಟೆ. ಅಂದರೆ ಹಗಲು ರಾತ್ರಿ ಸೇರಿ ಇಡೀ 25 ದಿನಗಳು! ಈ ಸಮಯ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ನಿದ್ರೆಯಿಂದ, ವ್ಯಾಯಾಮದಿಂದ ಮತ್ತು ಬೆಳಗಿನ ಉಪಾಹಾರದಿಂದ. ವಯಸ್ಕರಿಗೆ ರಾತ್ರಿ ಏಳು ಗಂಟೆಯ ನಿದ್ರೆ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂತಹ ವ್ಯಾಯಾಮ ಬೇಕು. ಇವೆರಡೂ ತಪ್ಪಿ, ಸಂಜೆ ಬಸ್ ನಿಲ್ದಾಣದಲ್ಲಿ ಭಜ್ಜಿ, ರಾತ್ರಿ ಹತ್ತಕ್ಕೆ ಊಟ ಎಂದಾದರೆ ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ದಾರಿ ಮಾಡಿಕೊಟ್ಟಂತೆ.

ಮಹಿಳೆಯರ ತೊಂದರೆ ಇನ್ನೂ ಒಂದಿದೆ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವುದಿಲ್ಲವೆಂದು ದಿನವಿಡೀ ನೀರು ಕುಡಿಯದೇ ಇರುವವರು ಬಹಳ. ಮೂತ್ರ ತಡೆಹಿಡಿಯುವುದರಿಂದ, ನೀರು ಕಡಿಮೆಯಾಗುವುದರಿಂದ ಉರಿಮೂತ್ರ ಪದೇ ಪದೇ ಕಾಣಿಸಿಕೊಳ್ಳಬಹುದು. ಕೆಲಸದ ಸ್ಥಳದಲ್ಲಿ ಹೊರಡುವ ಮುನ್ನ ಶೌಚಕ್ಕೆ ಹೋಗಿ ಬರುವುದನ್ನು ರೂಢಿಸಿಕೊಳ್ಳಿ, ನೀರು ಬಿಡಬೇಡಿ.

ಮೋಟಾರ್ ಸೈಕಲ್‌ನಲ್ಲಿ ಹೋಗುವವರು ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ ಎಂಬುದನ್ನು ಮರೆಯಬಾರದು. ಭಾರಿ ಲಾರಿಗಳ ನಡುವೆ ಕತ್ತಲಲ್ಲಿ ದಿನನಿತ್ಯ ಓಡಾಡುವವರಿಗೆ ಹೆಲ್ಮೆಟ್ ಔಷಧಿಗಿಂತ ಮುಖ್ಯ. ಸಾಧ್ಯವಿದ್ದವರು ಬಸ್ಸನ್ನೇ ಆರಿಸಿಕೊಳ್ಳುವುದು ಮೇಲು. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಹುಮನಾಬಾದಿನ ಮೇಲೆಯೇ ಹೋಗುತ್ತದೆ. ವೇಳೆ ಹೊಂದುವುದಾದರೆ ಅದನ್ನೂ ವಿಚಾರಿಸಿ.

ಊರನ್ನು ರಾತ್ರಿಯಲ್ಲಿ ನೋಡಿ

ಮನೆ ನೋಡಲು ಎಲ್ಲರೂ ಹಗಲಿನಲ್ಲೇ ಹೋಗುತ್ತಾರೆ. ಆರೋಗ್ಯದ ದೃಷ್ಟಿಯಿಂದ ಊರಿನ ನಿಜವಾದ ಪರೀಕ್ಷೆ ಮಳೆಗಾಲದ ರಾತ್ರಿ ಎರಡು ಗಂಟೆಗೆ. ಆ ಹೊತ್ತಿನಲ್ಲಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಎಷ್ಟು ಹೊತ್ತಿನಲ್ಲಿ ವೈದ್ಯರ ಬಳಿ ತಲುಪುತ್ತೀರಿ?

ಹೃದಯಾಘಾತದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು 12 ಗಂಟೆಯೊಳಗೆ ಕೊಡಬಹುದು. ಆದರೆ ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟರೆ ಪ್ರಯೋಜನ ಅತಿ ಹೆಚ್ಚು. ಲಕ್ವಾ ಹೊಡೆದಾಗ ಇಂತಹ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ಅದರೊಳಗೆ ತಲೆಯ ಸಿ.ಟಿ. ಸ್ಕ್ಯಾನ್ ಕೂಡ ಆಗಬೇಕು. ಹುಮನಾಬಾದಿನಿಂದ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸುಮಾರು 50 ಕಿ.ಮೀ. ಹೃದಯದ ವಿಶೇಷ ಚಿಕಿತ್ಸೆಗೆ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆ ಇದೆ. ನಿಮ್ಮ ಊರಿನಿಂದ ಹುಮನಾಬಾದಿನವರೆಗಿನ ದಾರಿಯನ್ನು ಇದಕ್ಕೆ ಕೂಡಿಸಿಕೊಳ್ಳಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಇ.ಸಿ.ಜಿ. ತೆಗೆಯುತ್ತಾರೆಯೇ, ಹೆಪ್ಪು ಕರಗಿಸುವ ಚುಚ್ಚುಮದ್ದು ಇರುತ್ತದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ಹೋಗಿ ಕೇಳಿ. 108 ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಊರಲ್ಲಿ ರಾತ್ರಿ ಯಾರ ವಾಹನ ಸಿಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಹಾವು ಕಡಿತಕ್ಕೂ ಇದೇ ಮಾತು. ಬಿತ್ತನೆಯ ದಿನಗಳಲ್ಲಿ ಇದು ಹೆಚ್ಚು. ಕಡಿದ ಜಾಗವನ್ನು ಕೊಯ್ಯಬೇಡಿ, ಹಗ್ಗದಿಂದ ಬಿಗಿಯಬೇಡಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ಕೈಕಾಲು ಅಲುಗಾಡದಂತೆ ಇಟ್ಟು, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ಅದು ಯಾವ ಆಸ್ಪತ್ರೆ ಎಂಬುದು ಮೊದಲೇ ಗೊತ್ತಿರಬೇಕು.

ನೀರು ಮತ್ತು ಗಾಳಿ

‘ನಮ್ಮ ಬೋರಿನ ನೀರು ಸಿಹಿ’ ಎಂದ ಮಾತ್ರಕ್ಕೆ ಅದು ಶುದ್ಧವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹ್ಯ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ, ಮುಂದೆ ಮೂಳೆಗಳಿಗೂ ತೊಂದರೆ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿಗೆ ಅಪಾಯ. ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಈ ಲವಣಗಳು ಹೋಗುವುದಿಲ್ಲ. ಆದ್ದರಿಂದ ನಿವೇಶನ ಕೊಳ್ಳುವ ಮುನ್ನವೇ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಹಳ್ಳಿಯ ಗಾಳಿ ಎಲ್ಲ ಕಡೆಯೂ ಶುದ್ಧ ಎಂಬ ಭರವಸೆಯೂ ಬೇಡ. ಕಾರ್ಖಾನೆ, ಕಲ್ಲುಪುಡಿ ಯಂತ್ರ ಅಥವಾ ತ್ಯಾಜ್ಯ ಸುಡುವ ಜಾಗ ಹತ್ತಿರವಿದ್ದರೆ ಗಾಳಿ ಬೀಸುವ ದಿಕ್ಕನ್ನು ಬೇರೆ ಬೇರೆ ಹೊತ್ತಿನಲ್ಲಿ ಗಮನಿಸಿ. ಮನೆಯೊಳಗಿನ ಸೌದೆ ಒಲೆಯ ಹೊಗೆಯೂ ಶ್ವಾಸಕೋಶಕ್ಕೆ ಶತ್ರುವೇ.

ಯಾರು ಇರಬಹುದು, ಯಾರು ಯೋಚಿಸಬೇಕು?

ಗಂಡ ಹೆಂಡತಿ ಆರೋಗ್ಯವಂತರು, ಒಂದು ಕಡೆಯ ಪ್ರಯಾಣ ಮುಕ್ಕಾಲು ಗಂಟೆಯ ಒಳಗೆ, ನೀರು ಒಳ್ಳೆಯದು, ರಾತ್ರಿ ವಾಹನ ಖಾತ್ರಿ. ಹೀಗಿದ್ದರೆ ಊರಲ್ಲೇ ಇರಿ. ಪೇಟೆಯ ಬಾಡಿಗೆ ಉಳಿಸಿದ ಹಣದಲ್ಲಿ ಹಣ್ಣು, ಹಾಲು ಕೊಳ್ಳಿ. ಆದರೆ ಮನೆಯಲ್ಲಿ ವಾರಕ್ಕೆರಡು ಬಾರಿ ಡಯಾಲಿಸಿಸ್ ಬೇಕಾದವರು, ಒಮ್ಮೆ ಹೃದಯಾಘಾತವಾದವರು, ಪದೇ ಪದೇ ಉಬ್ಬಸ ಬರುವ ಮಗು, ತೊಡಕಿನ ಗರ್ಭಿಣಿ ಇದ್ದರೆ ಆಸ್ಪತ್ರೆಗೆ ಹತ್ತಿರ ಇರುವುದೇ ಕ್ಷೇಮ. ಎಂಟನೇ ತಿಂಗಳಿನಿಂದ ಬಾಣಂತನದವರೆಗೆ ಮಾತ್ರ ಪೇಟೆಯ ಬಂಧುಗಳ ಮನೆಯಲ್ಲಿ ಉಳಿಯುವುದೂ ಒಂದು ದಾರಿ.

ಸ್ಥಿರವಾಗಿ ನಿರ್ಧರಿಸುವ ಮುನ್ನ, ಸಾಧ್ಯವಾದರೆ ಮಳೆಗಾಲದಲ್ಲೇ ಒಂದು ತಿಂಗಳು ಅಪ್‌ಡೌನ್ ಮಾಡಿ ನೋಡಿ. ಎಷ್ಟು ಗಂಟೆ ನಿದ್ರೆ ಬಂತು, ಎಷ್ಟು ದಿನ ಬೆಳಗಿನ ತಿಂಡಿ ತಪ್ಪಿತು, ಎಷ್ಟು ಸಲ ಬಸ್ಸು ತಪ್ಪಿತು ಎಂದು ಬರೆದಿಡಿ. ಅಪ್‌ಡೌನ್ ಮಾಡುವವರು ದುಡಿಯುವವರಾದರೂ, ಇಡೀ ದಿನ ಆ ಊರಲ್ಲಿ ಕಳೆಯುವವರು ಮನೆಯಲ್ಲಿ ಉಳಿದ ಅಮ್ಮ, ಅಪ್ಪ, ಮಕ್ಕಳು. ನಿವೇಶನಕ್ಕೆ ಮುಂಗಡ ಕೊಡುವ ಮೊದಲು ಅವರ ಮಾತನ್ನೂ ಕೇಳಿ.