ನಿಮ್ಮ ಬಿಲ್ಲು ನಿಮ್ಮ ಬಗ್ಗೆ ಏನು ಹೇಳುತ್ತದೆ?

2004ರ ಆಗಸ್ಟ್‌ನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ‘ಚಾರ್ಲಿ’ ಎಂಬ ಚಂಡಮಾರುತ ಅಪ್ಪಳಿಸಿತು. ಜನ ಅದರಿಂದ ಚೇತರಿಸಿಕೊಳ್ಳುವ ಮೊದಲೇ ‘ಫ್ರಾನ್ಸಿಸ್’ ಎಂಬ ಇನ್ನೊಂದು ಚಂಡಮಾರುತ ಅದೇ ದಿಕ್ಕಿಗೆ ಹೊರಟಿತ್ತು. ವಾಲ್‌ಮಾರ್ಟ್ ಮಳಿಗೆಗಳ ಮಾಹಿತಿ ವಿಭಾಗದ ಮುಖ್ಯಸ್ಥೆ ಲಿಂಡಾ ಡಿಲ್‌ಮನ್ ತಮ್ಮ ಸಿಬ್ಬಂದಿಗೆ ಒಂದು ಕೆಲಸ ಒಪ್ಪಿಸಿದರು. ಚಾರ್ಲಿ ಬರುವ ಮುಂಚಿನ ದಿನಗಳಲ್ಲಿ ಜನ ಏನೇನು ಕೊಂಡಿದ್ದರು ಎಂದು ಹಳೆಯ ಬಿಲ್ಲುಗಳಲ್ಲಿ ಹುಡುಕಬೇಕಿತ್ತು.

ಟಾರ್ಚು, ಬ್ಯಾಟರಿ, ಕುಡಿಯುವ ನೀರು ಎಂದು ಯಾರು ಬೇಕಾದರೂ ಊಹಿಸಬಹುದು. ಬಿಲ್ಲುಗಳು ಯಾರೂ ಊಹಿಸದ ಸಂಗತಿಯನ್ನೂ ತೋರಿಸಿದವು. ಸ್ಟ್ರಾಬೆರಿ ಜಾಮ್ ತುಂಬಿದ ‘ಪಾಪ್‌ಟಾರ್ಟ್’ ಎಂಬ ತಿಂಡಿ ಮಾಮೂಲಿಗಿಂತ ಏಳು ಪಟ್ಟು ಹೆಚ್ಚು ಮಾರಾಟವಾಗಿತ್ತು. ಚಂಡಮಾರುತಕ್ಕೆ ಮುನ್ನ ಎಲ್ಲಕ್ಕಿಂತ ಹೆಚ್ಚು ಖರ್ಚಾಗಿದ್ದ ಸರಕು ಬಿಯರ್. ಕೂಡಲೇ ಈ ಎರಡನ್ನೂ ತುಂಬಿಕೊಂಡ ಲಾರಿಗಳು ಫ್ರಾನ್ಸಿಸ್‌ನ ದಾರಿಯಲ್ಲಿದ್ದ ಮಳಿಗೆಗಳತ್ತ ಹೊರಟವು, ಕಳಿಸಿದ ಸರಕಿನಲ್ಲಿ ಬಹುಪಾಲು ಬೇಗನೆ ಖಾಲಿಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇದನ್ನು ವರದಿ ಮಾಡಿತು.

ಹೀಗೆ ಬೇರೆ ಯಾವುದೋ ಕಾರಣಕ್ಕೆ ಕೂಡಿಟ್ಟ ಲೆಕ್ಕದ ರಾಶಿಯಿಂದ ಮುಂದಿನ ನಡೆಗೆ ಬೇಕಾದ ಸುಳಿವು ಹೆಕ್ಕುವ ಕೆಲಸವೇ ಡೇಟಾ ಮೈನಿಂಗ್. ಕನ್ನಡದಲ್ಲಿ ದತ್ತಾಂಶ ಗಣಿಗಾರಿಕೆ ಎನ್ನುತ್ತಾರೆ. ಊರಿನ ದಿನಸಿ ಅಂಗಡಿಯ ಯಜಮಾನರು ಇದನ್ನು ತಲೆಯಲ್ಲೇ ಮಾಡುತ್ತಿದ್ದರು. ಯಾರ ಮನೆಗೆ ಯಾವ ಅಕ್ಕಿ, ಯಾವ ಹಬ್ಬಕ್ಕೆ ಎಷ್ಟು ಬೆಲ್ಲ, ಯಾರಿಗೆ ಸಾಲ ಕೊಡಬಹುದು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಆದರೆ ಲಕ್ಷಾಂತರ ಗಿರಾಕಿಗಳು ಬಂದುಹೋಗುವ ಕಡೆ ಯಾರ ನೆನಪೂ ಸಾಲದು. ಅಲ್ಲಿ ಗಣಿತ ಬೇಕು. ಈ ಗಣಿತ ಏನು ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಸಾಮಾನ್ಯ ಗ್ರಾಹಕನಿಗೂ ಗೊತ್ತಿರಬೇಕಾದ ಕಾಲ ಇದು.

ಯಾವುದರ ಜೊತೆ ಯಾವುದು?

ಮೊದಲ ವಿಧಾನ, ಬುಟ್ಟಿಯ ಲೆಕ್ಕ. ಒಂದು ಅಂಗಡಿಯ 1,000 ಬಿಲ್ಲುಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ 100 ಬಿಲ್ಲುಗಳಲ್ಲಿ ಅವಲಕ್ಕಿ ಇದೆ. ಅವಲಕ್ಕಿ ಕೊಂಡ ಈ 100 ಮಂದಿಯಲ್ಲಿ 70 ಮಂದಿ ಹಾಲನ್ನೂ, 60 ಮಂದಿ ಕಡಲೆಬೀಜವನ್ನೂ ಕೊಂಡಿದ್ದಾರೆ. ಹಾಗಾದರೆ ಅವಲಕ್ಕಿಯ ನಂಟು ಹಾಲಿನೊಂದಿಗೆ ಹೆಚ್ಚೋ, ಕಡಲೆಬೀಜದೊಂದಿಗೆ ಹೆಚ್ಚೋ?

ಹಾಲು ಎಂದು ಹೇಳಬೇಕೆನಿಸುತ್ತದೆ. ಆದರೆ ಆ ಅಂಗಡಿಗೆ ಬರುವ ಎಲ್ಲರಲ್ಲೂ ಶೇಕಡ 70 ಮಂದಿ ಹಾಲು ಕೊಳ್ಳುವವರೇ ಆಗಿದ್ದರೆ ಅವಲಕ್ಕಿಯವರಲ್ಲಿ ವಿಶೇಷವೇನೂ ಇಲ್ಲ. ಕಡಲೆಬೀಜವನ್ನು ಒಟ್ಟು ಗಿರಾಕಿಗಳಲ್ಲಿ ಶೇಕಡ 20 ಮಂದಿ ಮಾತ್ರ ಕೊಳ್ಳುತ್ತಿದ್ದರೆ, ಅವಲಕ್ಕಿಯವರಲ್ಲಿ ಆ ಪ್ರಮಾಣ ಮೂರು ಪಟ್ಟಾಯಿತು. ನಿಜವಾದ ನಂಟು ಇಲ್ಲಿದೆ. ಈ ಪಟ್ಟಿನ ಲೆಕ್ಕವನ್ನು ತಜ್ಞರು ‘ಲಿಫ್ಟ್’ ಎನ್ನುತ್ತಾರೆ. ಲಿಫ್ಟ್ ಒಂದರ ಸುತ್ತಮುತ್ತ ಇದ್ದರೆ ಆ ಜೋಡಿಯನ್ನು ಕೈಬಿಡಬಹುದು.

ಎರಡು ವಸ್ತುಗಳಾದರೆ ಸುಲಭ. 1,000 ಬಗೆಯ ಸರಕಿರುವ ಅಂಗಡಿಯಲ್ಲಿ ಎರಡೆರಡು ವಸ್ತುಗಳ ಜೋಡಿಗಳೇ ಸುಮಾರು 5 ಲಕ್ಷ. ಮೂರು ಮೂರರ ಗುಂಪುಗಳು 16 ಕೋಟಿಗೂ ಮಿಗಿಲು. ಎಲ್ಲವನ್ನೂ ಎಣಿಸುತ್ತಾ ಕೂತರೆ ಕಂಪ್ಯೂಟರಿಗೂ ಸುಸ್ತು. ಈ ಗಂಟನ್ನು ಬಿಡಿಸಿದವರು ಐಬಿಎಂನ ಕ್ಯಾಲಿಫೋರ್ನಿಯಾ ಪ್ರಯೋಗಾಲಯದಲ್ಲಿದ್ದ ರಾಕೇಶ್ ಅಗರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್. 1994ರಲ್ಲಿ ಅವರು ಪ್ರಕಟಿಸಿದ ‘ಏಪ್ರಿಯೊರಿ’ ವಿಧಾನದ ತಿರುಳು ಬಹಳ ಸರಳ. ಎರಡು ವಸ್ತುಗಳು ಜೊತೆಯಾಗಿ ಬರುವುದೇ ಅಪರೂಪವಾದರೆ, ಅವಕ್ಕೆ ಮೂರನೆಯದನ್ನು ಸೇರಿಸಿದ ಗುಂಪು ಇನ್ನೂ ಅಪರೂಪವೇ ಆಗಿರಬೇಕು; ಅದನ್ನು ಎಣಿಸುವ ಗೋಜಿಗೇ ಹೋಗಬೇಕಿಲ್ಲ. ಈ ಒಂದು ಹೊಳಹಿನಿಂದ ಕೋಟಿಗಟ್ಟಲೆ ಲೆಕ್ಕ ಉಳಿಯಿತು. ‘ಇದನ್ನು ಕೊಂಡವರು ಅದನ್ನೂ ಕೊಂಡರು’ ಎಂದು ಇಂದು ಆನ್‌ಲೈನ್ ಅಂಗಡಿಗಳು ತೋರಿಸುವ ಸಾಲಿನ ಹಿಂದೆ ಇರುವುದು ಇದೇ ಬಗೆಯ ಯೋಚನೆ.

ಗುಂಪು ಮಾಡುವುದು, ಮುಂದಿನದನ್ನು ಊಹಿಸುವುದು

ಎರಡನೆಯ ವಿಧಾನ, ಒಂದೇ ತೆರನಾದವರನ್ನು ಒಂದು ಗುಂಪಿಗೆ ಸೇರಿಸುವುದು. ಇದರ ಹೆಸರಾಂತ ಉದಾಹರಣೆ ಬ್ರಿಟನ್ನಿನ ಟೆಸ್ಕೊ. ಕೆಲವು ಮಳಿಗೆಗಳಲ್ಲಿ ಪ್ರಯೋಗ ನಡೆಸಿದ ನಂತರ, 1995ರಲ್ಲಿ ಅದು ‘ಕ್ಲಬ್‌ಕಾರ್ಡ್’ ಎಂಬ ಪಾಯಿಂಟ್ಸ್ ಕಾರ್ಡನ್ನು ದೇಶವಿಡೀ ಹಂಚಿತು. ಗಿರಾಕಿಗೆ ರಿಯಾಯಿತಿ ಸಿಕ್ಕಿತು, ಕಂಪನಿಗೆ ಪ್ರತಿ ಬಿಲ್ಲಿನ ಹಿಂದಿರುವ ಮನೆ ಯಾವುದೆಂದು ತಿಳಿಯಿತು. ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ದಂಪತಿಯ ‘ಡನ್‌ಹಂಬಿ’ ಸಂಸ್ಥೆ ಈ ಲೆಕ್ಕಗಳನ್ನು ಬಿಡಿಸಿ ನೋಡಿತು. ಯಾರು ಅಡುಗೆ ಸಾಮಾನು ಕೊಂಡು ಮನೆಯಲ್ಲೇ ಬೇಯಿಸುತ್ತಾರೆ, ಯಾರು ತಯಾರಾದ ಊಟ ಒಯ್ಯುತ್ತಾರೆ, ಯಾರಿಗೆ ಬೆಲೆಯೇ ಮುಖ್ಯ ಎಂಬ ಗುಂಪುಗಳು ಕಂಡವು. ಎಲ್ಲರಿಗೂ ಒಂದೇ ಕೂಪನ್ ಕಳಿಸುವ ಕಾಲ ಮುಗಿಯಿತು. ಅದೇ 1995ರಲ್ಲಿ ಟೆಸ್ಕೊ ತನ್ನ ಹಳೆಯ ಎದುರಾಳಿ ಸೇನ್ಸ್‌ಬರಿಯನ್ನು ಹಿಂದೆ ಹಾಕಿ ಬ್ರಿಟನ್ನಿನ ಅತಿ ದೊಡ್ಡ ದಿನಸಿ ವ್ಯಾಪಾರಿಯಾಯಿತು.

ಈ ಕತೆಗೆ ಬೆಂಗಳೂರಿನ ಕೊಂಡಿಯೂ ಇದೆ. ಟೆಸ್ಕೊ 2004ರಲ್ಲೇ ಇಲ್ಲಿ ತನ್ನ ಕೇಂದ್ರ ತೆರೆಯಿತು. ವಾಲ್‌ಮಾರ್ಟ್, ಟಾರ್ಗೆಟ್ ಕಂಪನಿಗಳ ದೊಡ್ಡ ತಂತ್ರಜ್ಞಾನ ಕಚೇರಿಗಳೂ ಬೆಂಗಳೂರಿನಲ್ಲಿವೆ. ಸಾವಿರಾರು ಮೈಲಿ ದೂರದ ಅಂಗಡಿಗಳ ವ್ಯವಹಾರಕ್ಕೆ ಬೇಕಾದ ಕೆಲಸವನ್ನು ಇಲ್ಲಿನ ಇಂಜಿನಿಯರುಗಳು ಮಾಡುತ್ತಿದ್ದಾರೆ.

ಮೂರನೆಯ ವಿಧಾನ ಮುನ್ನೋಟದ್ದು. ಸಾಲ ತೀರಿಸಿದವರು, ತೀರಿಸದವರು ಎಂಬ ಹಳೆಯ ದಾಖಲೆಗಳನ್ನು ಕೊಟ್ಟರೆ, ಹೊಸ ಅರ್ಜಿದಾರ ಯಾವ ಕಡೆಗೆ ಸೇರಬಹುದೆಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಸಂಬಳ ಎಷ್ಟು, ಕೆಲಸಕ್ಕೆ ಸೇರಿ ಎಷ್ಟು ವರ್ಷ, ಹಿಂದೆ ಕಂತು ತಪ್ಪಿದೆಯೇ ಎಂದು ಒಂದೊಂದೇ ಪ್ರಶ್ನೆಗೆ ಕವಲೊಡೆಯುತ್ತಾ ಹೋಗುವ ‘ಡಿಸಿಷನ್ ಟ್ರೀ’ ಇದಕ್ಕೆ ಬಳಸುವ ಹಳೆಯ ಉಪಾಯ. ಅದರ ತೀರ್ಮಾನ ಏಕೆ ಹಾಗೆ ಬಂತೆಂದು ಬಿಡಿಸಿ ಹೇಳಬಹುದು ಎಂಬುದೇ ಅದರ ದೊಡ್ಡ ಗುಣ.

ಮುನ್ನೋಟ ಎಷ್ಟು ಒಳಮನೆಗೆ ಹೋಗಬಲ್ಲದು ಎಂಬುದನ್ನು ಟಾರ್ಗೆಟ್ ತೋರಿಸಿತು. ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಪೋಲ್ ಸುಮಾರು 25 ಸರಕುಗಳನ್ನು ಗುರುತಿಸಿದ್ದರು. ವಾಸನೆಯಿಲ್ಲದ ಲೋಷನ್, ಕ್ಯಾಲ್ಸಿಯಂ, ಸತುವಿನ ಮಾತ್ರೆ ಇಂಥವನ್ನು ಒಬ್ಬ ಮಹಿಳೆ ಕೊಳ್ಳುವ ರೀತಿಯಿಂದ ಆಕೆ ಬಸುರಿಯೇ, ಹೆರಿಗೆ ಯಾವಾಗ ಎಂದು ಕಂಪನಿ ಅಂದಾಜು ಮಾಡುತ್ತಿತ್ತು. ಬರೀ ಮಗುವಿನ ಸಾಮಾನಿನ ಕೂಪನ್ ಕಳಿಸಿದರೆ ಜನ ಗಾಬರಿಯಾಗುತ್ತಾರೆಂದು ನಡುವೆ ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತನ್ನೂ ಸೇರಿಸುತ್ತಿತ್ತು. 2012ರಲ್ಲಿ ಈ ಸುದ್ದಿ ಹೊರಬಿತ್ತು. ಮನೆಯವರಿಗೆ ಹೇಳುವ ಮುನ್ನವೇ ಅಂಗಡಿಗೆ ತಿಳಿಯುವುದು ಸರಿಯೇ ಎಂಬ ಪ್ರಶ್ನೆ ಎದ್ದದ್ದು ಆಗಲೇ.

ನೂರರಲ್ಲಿ ತೊಂಬತ್ತೊಂಬತ್ತು ಸರಿ ಇದ್ದರೆ ಸಾಕೇ?

ನಾಲ್ಕನೆಯದು, ಸಾಲು ತಪ್ಪಿದ್ದನ್ನು ಹಿಡಿಯುವುದು. ಮೈಸೂರಿನಲ್ಲಿ ಬೆಳಿಗ್ಗೆ ಬಳಕೆಯಾದ ಕಾರ್ಡು ಅರ್ಧ ಗಂಟೆಯಲ್ಲಿ ವಿದೇಶದ ಅಂಗಡಿಯಲ್ಲಿ ಉಜ್ಜಿಸಿಕೊಂಡರೆ ಬ್ಯಾಂಕಿನ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಉಪಯುಕ್ತ ಕೆಲಸವೇ. ಆದರೆ ಇದರ ಲೆಕ್ಕವನ್ನು ಒಮ್ಮೆ ಕೂತು ನೋಡಬೇಕು.

10 ಲಕ್ಷ ವಹಿವಾಟುಗಳಲ್ಲಿ 100 ಮೋಸದವು ಎಂದಿರಲಿ. ಕಂಪ್ಯೂಟರ್ ನೂರಕ್ಕೆ 99 ಸಲ ಸರಿಯಾಗಿ ಹೇಳುತ್ತದೆ. ಆಗ 99 ಮೋಸಗಳು ಸಿಕ್ಕಿಬೀಳುತ್ತವೆ. ಉಳಿದ 9,99,900 ಪ್ರಾಮಾಣಿಕ ವಹಿವಾಟುಗಳಲ್ಲೂ ನೂರಕ್ಕೊಂದರಂತೆ, ಅಂದರೆ 9,999 ವಹಿವಾಟುಗಳು ತಪ್ಪಾಗಿ ಅನುಮಾನಕ್ಕೆ ಗುರಿಯಾಗುತ್ತವೆ. ಒಬ್ಬ ಕಳ್ಳನಿಗೆ ಸುಮಾರು 100 ಸಾಧುಗಳು! ಬ್ಯಾಂಕಿನಿಂದ ‘ಇದು ನೀವೇ ಮಾಡಿದ್ದೇ?’ ಎಂಬ ಮೆಸೇಜ್ ಬಂದರೆ ನಷ್ಟವಿಲ್ಲ. ಅನುಮಾನವನ್ನೇ ಅಪರಾಧ ಎಂದು ತೀರ್ಮಾನಿಸಿಬಿಟ್ಟರೆ?

ನೆದರ್‌ಲ್ಯಾಂಡ್ಸ್‌ನಲ್ಲಿ ಆದದ್ದು ಅದೇ. ಮಕ್ಕಳ ಪಾಲನಾ ಕೇಂದ್ರದ ಖರ್ಚಿಗೆಂದು ಸರ್ಕಾರ ಪೋಷಕರಿಗೆ ಸಹಾಯಧನ ಕೊಡುತ್ತದೆ. ಅದರಲ್ಲಿ ಮೋಸ ಹುಡುಕಲು ಅಲ್ಲಿನ ತೆರಿಗೆ ಇಲಾಖೆ ಅರ್ಜಿಗಳಿಗೆ ಅಪಾಯದ ಅಂಕ ಹಾಕುವ ತಂತ್ರಾಂಶ ಬಳಸಿತು. ಡಚ್ ಪೌರತ್ವ ಇದೆಯೇ ಇಲ್ಲವೇ ಎಂಬುದೂ ಆ ಅಂಕದಲ್ಲಿ ಸೇರಿತ್ತು. ಸಾವಿರಾರು ತಂದೆತಾಯಿಯರು ಮೋಸಗಾರರೆಂಬ ಹಣೆಪಟ್ಟಿ ಹೊತ್ತರು. ಸಣ್ಣಪುಟ್ಟ ತಪ್ಪಿಗೂ ಪಡೆದ ಪೂರ್ತಿ ಹಣ ಹಿಂದಿರುಗಿಸಬೇಕೆಂದು ನೋಟಿಸು ಬಂತು. ಮನೆಗಳು ಸಾಲದಲ್ಲಿ ಮುಳುಗಿದವು, ಸಂಸಾರಗಳು ಒಡೆದವು. ಕೊನೆಗೆ 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟೆ ಅವರ ಇಡೀ ಸಚಿವ ಸಂಪುಟ ಇದರ ಹೊಣೆ ಹೊತ್ತು ರಾಜೀನಾಮೆ ನೀಡಿತು. ದೂರನ್ನು ಕೇಳಿಸಿಕೊಳ್ಳದ ಅಧಿಕಾರಿಗಳು, ಕರುಣೆಯಿಲ್ಲದ ನಿಯಮ, ಪ್ರಶ್ನೆಗೆ ಉತ್ತರಿಸದ ತಂತ್ರಾಂಶ ಇವೆಲ್ಲ ಒಟ್ಟಿಗೆ ಸೇರಿದ್ದರಿಂದ ಆದ ಅನಾಹುತ ಅದು.

ಭಾರತದ ಆದಾಯ ತೆರಿಗೆ ಇಲಾಖೆಯೂ ಬ್ಯಾಂಕ್ ಬಡ್ಡಿ, ಷೇರು, ಆಸ್ತಿ ವ್ಯವಹಾರಗಳ ವಿವರವನ್ನು ಪ್ಯಾನ್ ಸಂಖ್ಯೆಯ ಮೂಲಕ ಜೋಡಿಸಿ ನೋಡುತ್ತದೆ. ಹಾಗೆ ಜೋಡಿಸಿದ್ದನ್ನು 2021ರ ನವೆಂಬರ್‌ನಿಂದ ‘ವಾರ್ಷಿಕ ಮಾಹಿತಿ ಪಟ್ಟಿ’ಯಾಗಿ ತೆರಿಗೆದಾರರಿಗೇ ತೋರಿಸುತ್ತಿದೆ. ತಪ್ಪು ಕಂಡರೆ ಅಲ್ಲೇ ತಕರಾರು ದಾಖಲಿಸಲು ಅವಕಾಶವಿದೆ. ಲೆಕ್ಕ ಹಾಕಿದವರು ತಮ್ಮ ಲೆಕ್ಕವನ್ನು ಸಂಬಂಧಪಟ್ಟವರ ಮುಂದೆ ತೆರೆದಿಡುವ ಈ ಪದ್ಧತಿ ಸಹಾಯಧನ, ಪಡಿತರ, ಪಿಂಚಣಿ ವ್ಯವಸ್ಥೆಗಳಿಗೂ ಬರಬೇಕು.

ಅಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಏಕೆಂದರೆ ಡೇಟಾ ಮೈನಿಂಗ್‌ನಲ್ಲಿ ಬಹುಪಾಲು ಸಮಯ ಹೋಗುವುದು ಸೂತ್ರಗಳಿಗಲ್ಲ, ದಾಖಲೆ ಶುಚಿಗೊಳಿಸುವುದಕ್ಕೆ. ಒಬ್ಬರೇ ಮಂಜುನಾಥ ಒಂದು ಕಾಗದದಲ್ಲಿ ಊರಿನ ಇನಿಷಿಯಲ್ ಸಹಿತ, ಇನ್ನೊಂದರಲ್ಲಿ ತಂದೆಯ ಇನಿಷಿಯಲ್ ಮಾತ್ರ, ಮತ್ತೊಂದರಲ್ಲಿ ಇಂಗ್ಲಿಷಿನ ಕೊನೆಯ ‘ಎ’ ಅಕ್ಷರವಿಲ್ಲದೆ ನಮೂದಾಗಿರುತ್ತಾರೆ. ಯಂತ್ರಕ್ಕೆ ಅವರು ಮೂವರು. ಅಥವಾ ಮೂವರು ಬೇರೆ ಬೇರೆ ಮಂಜುನಾಥರು ಯಂತ್ರಕ್ಕೆ ಒಬ್ಬರೇ. ಈ ಗೋಜಲನ್ನು ಬಿಡಿಸದೆ ಎಂಥ ಸೂತ್ರ ಹಚ್ಚಿದರೂ ಫಲಿತಾಂಶ ದಾರಿ ತಪ್ಪುತ್ತದೆ.

ಹೆಸರು ಅಳಿಸಿದರೂ ಉಳಿಯುವ ಗುರುತು

ಡೇಟಾ ಹೆಚ್ಚಿದ್ದಷ್ಟೂ ಸತ್ಯ ಹತ್ತಿರ ಎಂಬ ನಂಬಿಕೆಗೆ ಗೂಗಲ್‌ನ ‘ಫ್ಲೂ ಟ್ರೆಂಡ್ಸ್’ ಪೆಟ್ಟು ಕೊಟ್ಟಿತು. ಜನ ಜ್ವರ, ಕೆಮ್ಮಿನ ಬಗ್ಗೆ ಹುಡುಕುವ ಪದಗಳಿಂದಲೇ ಫ್ಲೂ ಎಷ್ಟು ಹಬ್ಬಿದೆಯೆಂದು ಹೇಳುವ ಈ ಯೋಜನೆ 2008ರಲ್ಲಿ ಭಾರಿ ಹೊಗಳಿಕೆಯೊಂದಿಗೆ ಆರಂಭವಾಯಿತು. 2012–13ರ ಚಳಿಗಾಲದಲ್ಲಿ ಅದರ ಅಂದಾಜು, ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ವೈದ್ಯರ ವರದಿಗಳಿಂದ ಪಡೆದ ಅಂಕಿಗಿಂತ ಸುಮಾರು ಎರಡು ಪಟ್ಟಾಗಿತ್ತು. 2015ರಲ್ಲಿ ಆ ಸೇವೆ ನಿಂತಿತು. ಫ್ಲೂ ಸುದ್ದಿ ಓದಿ ಹುಡುಕುವವರೂ ಫ್ಲೂ ಬಂದು ಹುಡುಕುವವರೂ ಯಂತ್ರಕ್ಕೆ ಒಂದೇ ಆಗಿ ಕಂಡದ್ದು ಈ ಸೋಲಿನ ಕಾರಣಗಳಲ್ಲೊಂದು ಎಂಬುದು ತಜ್ಞರ ಅಭಿಪ್ರಾಯ.

ನೆಟ್‌ಫ್ಲಿಕ್ಸ್ ಕಲಿತದ್ದು ಇನ್ನೊಂದು ಪಾಠ. ತನ್ನ ಸಿನಿಮಾ ಶಿಫಾರಸನ್ನು ಶೇಕಡ 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು ಅದು 2006ರಲ್ಲಿ ಸಾರಿತು. ಸುಮಾರು 4.8 ಲಕ್ಷ ಗ್ರಾಹಕರು 17,770 ಚಿತ್ರಗಳಿಗೆ ಕೊಟ್ಟ 10 ಕೋಟಿ ಅಂಕಗಳನ್ನು ಹೆಸರು ಅಳಿಸಿ ಸ್ಪರ್ಧಿಗಳ ಮುಂದಿಟ್ಟಿತು. 2009ರಲ್ಲಿ ಒಂದು ತಂಡ ಗೆದ್ದಿತು. ಆದರೆ ಅಷ್ಟರೊಳಗೆ ಟೆಕ್ಸಸ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್, ಸಾರ್ವಜನಿಕ ಜಾಲತಾಣದಲ್ಲಿ ಜನ ಹೆಸರು ಹಾಕಿ ಬರೆದ ಸಿನಿಮಾ ಅಭಿಪ್ರಾಯಗಳೊಂದಿಗೆ ಈ ಅಂಕಗಳನ್ನು ತಾಳೆ ಹಾಕಿ, ಅಳಿಸಿದ ಹೆಸರುಗಳನ್ನು ಮತ್ತೆ ಪತ್ತೆಮಾಡಬಹುದೆಂದು ತೋರಿಸಿದ್ದರು. ಎಂಟು-ಹತ್ತು ಚಿತ್ರಗಳ ಅಭಿರುಚಿಯೇ ಒಬ್ಬರನ್ನು ಗುರುತಿಸಲು ಸಾಕಾಗುತ್ತಿತ್ತು. ನೆಟ್‌ಫ್ಲಿಕ್ಸ್ ಎರಡನೆಯ ಸ್ಪರ್ಧೆಯನ್ನು 2010ರಲ್ಲಿ ಕೈಬಿಟ್ಟಿತು.

ಭಾರತದಲ್ಲಿ ಖಾಸಗಿತನದ ಹೋರಾಟಕ್ಕೆ ಹೆಸರಾದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ತಮ್ಮ ಬಗ್ಗೆ ಇಟ್ಟುಕೊಂಡ ವಿವರವನ್ನು ಕೇಳಿ ಪಡೆಯುವ, ತಿದ್ದಿಸುವ, ಅಳಿಸಿಸುವ ಹಕ್ಕುಗಳಿಗೆ ಈ ಕಾಯ್ದೆಯಲ್ಲಿ ಜಾಗವಿದೆ.

ಡೇಟಾ ಮೈನಿಂಗ್ ಬೇಡವೆನ್ನುವ ಮಾತಿಗೆ ಅರ್ಥವಿಲ್ಲ. ಚಂಡಮಾರುತಕ್ಕೆ ಮುನ್ನ ಬೇಕಾದ ಸರಕು ಅಂಗಡಿ ತಲುಪುವುದು, ಕದ್ದ ಕಾರ್ಡು ನಿಮಿಷದಲ್ಲಿ ಸ್ಥಗಿತವಾಗುವುದು ಜನರಿಗೆ ಅನುಕೂಲವೇ. ಆದರೆ ಯಂತ್ರ ಕೊಡುವುದು ಸುಳಿವನ್ನು ಮಾತ್ರ. ತೀರ್ಪು ಮನುಷ್ಯರದ್ದಾಗಿರಬೇಕು, ಆ ತೀರ್ಪನ್ನು ಪ್ರಶ್ನಿಸುವ ದಾರಿ ತೆರೆದಿರಬೇಕು. ಇದಕ್ಕೆ ಸಿದ್ಧವಿಲ್ಲದ ಸಂಸ್ಥೆ ಜನರ ಲೆಕ್ಕವನ್ನು ಕೆದಕುವ ಅರ್ಹತೆ ಪಡೆದಿಲ್ಲ.

ಓದುಗರು ಮಾಡಬಹುದಾದ ಕೆಲಸವೂ ಒಂದಿದೆ. ಬಿಲ್ಲು ಹಾಕುವಾಗ ಮೊಬೈಲ್ ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಮಳಿಗೆಗಳಿಗೆ ಸೂಚಿಸಿದೆ. ಮುಂದಿನ ಸಲ ಕೌಂಟರಿನಲ್ಲಿ ನಂಬರ್ ಕೇಳಿದಾಗ ‘ಯಾತಕ್ಕೆ?’ ಎಂದು ಕೇಳಿ. ಉತ್ತರ ಸಮಾಧಾನವಾಗದಿದ್ದರೆ ನಂಬರ್ ಕೊಡದೆ ಬಿಲ್ಲು ಪಡೆಯಿರಿ.